ಹಸುವಿನ ಮೇವಿಗೆ ಸೊಪ್ಪಿನ ಬಲ: ಗಿಡಮೂಲದ ಆಂಟಿಆಕ್ಸಿಡೆಂಟ್ ಬಳಸುವ ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ಒಬ್ಬರು ಕೊಟ್ಟಿಗೆ ಬಾಗಿಲಿಗೇ ಬಂದರು. ಕೈಯಲ್ಲಿ ಒಂದು ಕೆಜಿ ಡಬ್ಬಿ. "ಹರ್ಬಲ್ ಆಂಟಿಆಕ್ಸಿಡೆಂಟ್ ಸಾರ್, ಒಂದು ವಾರ ಹಾಕಿ ನೋಡಿ, ಎರಡು ಲೀಟರ್ ಜಾಸ್ತಿ ಬರುತ್ತೆ." ತಗೊಂಡೆ. ಹಾಕಿದೆ. ಡಬ್ಬಿ ಖಾಲಿಯಾಯಿತು, ಹಾಲು ಇದ್ದಷ್ಟೇ ಇತ್ತು.

ಆಮೇಲೆ ಒಂದು ದಿನ ತೌಡಿನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದೆ. ಹಳೇ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ನಾಲಿಗೆಗೆ ಚೂರು ಇಟ್ಟರೆ ಕಹಿ, ಸೋಪಿನ ರುಚಿ. ಅಂದರೆ ದುಡ್ಡು ಕೊಟ್ಟು ಆಂಟಿಆಕ್ಸಿಡೆಂಟ್ ತಂದು, ಅದನ್ನು ಕಮಟು ತೌಡಿನಲ್ಲೇ ಕಲಸಿ ಹಾಕುತ್ತಿದ್ದೆ. ತೂತು ಬಿಂದಿಗೆಯಲ್ಲಿ ನೀರು ಸೇದಿದ ಹಾಗೆ.

ಅಲ್ಲಿಂದ ಈಚೆಗೆ ಓದಿ, ಡಾಕ್ಟರನ್ನು ಕೇಳಿ, ನಮ್ಮ ಕೊಟ್ಟಿಗೆಯಲ್ಲೇ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮೊದಲು ತೂತು ಮುಚ್ಚುವುದು, ಆಮೇಲೆ ಹಸಿರು, ಕೊನೆಗೆ ಪುಡಿ. ಈ ಸಾಲು ತಪ್ಪಿದರೆ ಉಳಿದದ್ದೆಲ್ಲ ದಂಡ.

ಏನಿದು ಆಂಟಿಆಕ್ಸಿಡೆಂಟ್?

ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಅದಕ್ಕೇ ಮನೆಯಲ್ಲಿ ಹೆಚ್ಚಿದ ತಕ್ಷಣ ನೀರಿಗೆ ಹಾಕುತ್ತಾರೆ. ಗಾಳಿಯ ಆಮ್ಲಜನಕ ತಾಗಿ ಆಗುವ ಆ ಬದಲಾವಣೆಗೆ ಆಕ್ಸಿಡೇಷನ್ ಎನ್ನುತ್ತಾರೆ. ಎಣ್ಣೆ ಕಮಟಾಗುವುದೂ ಅದರಿಂದಲೇ. ಹಸುವಿನ ಮೈಯೊಳಗೂ ದಿನವೂ ಇಂಥದ್ದು ನಡೆಯುತ್ತಿರುತ್ತದೆ. ಮೇವಿನಿಂದ ಶಕ್ತಿ ತೆಗೆಯುವಾಗ ಫ್ರೀ ರ್‍ಯಾಡಿಕಲ್ ಎಂಬ ತುಂಟ ಕಣಗಳು ಹುಟ್ಟುತ್ತವೆ, ಜೀವಕೋಶದ ಹೊರಪದರವನ್ನು ಕೆಡಿಸುತ್ತವೆ. ಅವನ್ನು ತಣ್ಣಗೆ ಮಾಡುವುದೇ ಆಂಟಿಆಕ್ಸಿಡೆಂಟ್. ಪಠ್ಯಪುಸ್ತಕದಲ್ಲಿ ಉತ್ಕರ್ಷಣ ನಿರೋಧಕ ಎಂದಿರುತ್ತದೆ. ನಾನು ಸುಮ್ನೆ ಆಂಟಿಆಕ್ಸಿಡೆಂಟ್ ಅಂತಲೇ ಬರೆಯುತ್ತೇನೆ.

ಹಸುವಿನ ಮೈಯಲ್ಲೇ ಇದಕ್ಕೆ ಕಿಣ್ವಗಳ ಕಾವಲುಪಡೆ ಇದೆ. ಆ ಕಿಣ್ವಗಳು ಕೆಲಸ ಮಾಡಲು ತಾಮ್ರ, ಸತು, ಮ್ಯಾಂಗನೀಸ್, ಸೆಲೆನಿಯಂ ಬೇಕು. ಜೊತೆಗೆ ವಿಟಮಿನ್ ಇ ಬೇಕು, ಅದು ಮೇವಿನಿಂದಲೇ ಬರಬೇಕು. ಮಾಮೂಲಿ ದಿನಗಳಲ್ಲಿ ಇಷ್ಟು ಸಾಕು. ಕಷ್ಟವಾಗುವುದು ಮೂರು ಹೊತ್ತಿನಲ್ಲಿ: ಕರು ಹಾಕುವ ಹಿಂದಿನ ಮೂರು ವಾರ ಮತ್ತು ಮುಂದಿನ ಮೂರು ವಾರ, ಬೇಸಿಗೆಯ ಬಿಸಿ, ಮತ್ತೆ ಕಾಯಿಲೆ ಅಥವಾ ದೂರದ ಸಾಗಾಟ. ಆಗ ಕಾವಲು ಸಾಲದೆ ಕೆಚ್ಚಲು ಬಾವು, ಮಾಸು ಬೀಳದಿರುವುದು, ಗಬ್ಬ ನಿಲ್ಲದಿರುವುದು ಇಂಥ ತೊಂದರೆ ಹೆಚ್ಚುತ್ತವೆ.

ನಮಗೆ ಒಳ್ಳೆಯದಾದದ್ದು ಹಸುವಿಗೂ ಆಗಬೇಕಲ್ವಾ? ಹಾಗೇನಿಲ್ಲ. ಮಧ್ಯದಲ್ಲಿ ರೂಮೆನ್ ಅನ್ನುವ ದೊಡ್ಡ ಹೊಟ್ಟೆ ಇದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಹಸುವಿಗಿಂತ ಮೊದಲೇ ಊಟ ಮುಗಿಸುತ್ತವೆ. ನಿಂಬೆ, ನೆಲ್ಲಿಕಾಯಿಯ ವಿಟಮಿನ್ ಸಿ ಅಲ್ಲೇ ಹಾಳಾಗುತ್ತದೆ. ಹಸುವಿಗೆ ಅದು ಬೇಕಾಗಿಯೂ ಇಲ್ಲ, ತನ್ನ ಪಿತ್ತಜನಕಾಂಗದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಗಿಡಗಳಲ್ಲಿರುವ ಪಾಲಿಫೀನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳಲ್ಲಿ ಹೆಚ್ಚಿನವು ಅಲ್ಲೇ ಒಡೆದು ಬೇರೆ ರೂಪ ತಾಳುತ್ತವೆ. ವಿಟಮಿನ್ ಇ ಮತ್ತು ಕ್ಯಾರೋಟಿನ್ (ಹಸಿರು ಮೇವಿನಲ್ಲಿರುವ ಹಳದಿ ಬಣ್ಣದ ಅಂಶ) ಒಂದಷ್ಟು ಹೋದರೂ ಬಹುಪಾಲು ಮುಂದೆ ದಾಟುತ್ತವೆ. ಹಾಗಾಗಿ ಪ್ರಯೋಗಾಲಯದ ಗಾಜಿನ ಲೋಟದಲ್ಲಿ "ಭಾರಿ ಶಕ್ತಿ" ತೋರಿಸಿದ ಸೊಪ್ಪು ಹಸುವಿನಲ್ಲೂ ಹಾಗೇ ತೋರಿಸುತ್ತದೆ ಅಂತ ನಂಬಬೇಡಿ.

ಹಂತ 1: ನಿಮ್ಮ ಕೊಟ್ಟಿಗೆಗೆ ಬೇಕಾ, ನೋಡಿ

ಲ್ಯಾಬಿನಲ್ಲಿ ರಕ್ತ ಕೊಟ್ಟು ಅಳೆಯುವ ವಿಧಾನಗಳಿವೆ. ಆರು ಹಸು ಕಟ್ಟಿದವರಿಗೆ ಅದು ಬೇಡ. ಕಣ್ಣು, ಕಿವಿ, ಒಂದು ಗಡಿಯಾರ ಸಾಕು.

ಮಧ್ಯಾಹ್ನ ಎರಡು–ಮೂರು ಗಂಟೆಗೆ ಹಸು ಮಲಗಿ ಮೆಲುಕು ಹಾಕುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 60 ದಾಟಿದರೆ ಬಿಸಿ ಅದನ್ನು ಕಾಡುತ್ತಿದೆ. ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಮೇವಿನ ಮಾತು ಆಮೇಲೆ, ಮೊದಲು ನೆರಳು, ನೀರು, ಗಾಳಿ. ತಜ್ಞರು ಉಷ್ಣಾಂಶ ಮತ್ತು ಗಾಳಿಯ ತೇವ ಎರಡನ್ನೂ ಸೇರಿಸಿ ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಅದು 72 ದಾಟಿದರೆ ಹೆಚ್ಚು ಹಾಲಿನ ಸೀಮೆ ಹಸುವಿಗೆ ತೊಂದರೆ ಶುರು. 25 ಡಿಗ್ರಿ ಬಿಸಿ, ನೂರಕ್ಕೆ 50 ತೇವ ಇದ್ದರೇ ಸುಮಾರು 72 ಆಗುತ್ತದೆ. ನಮಗೆ ಹಿತವಾದ ಮಧ್ಯಾಹ್ನವೂ ಅದಕ್ಕೆ ಸೆಕೆಯೇ.

ಎರಡನೆಯದು ಪುಸ್ತಕ. ಹಿಂದಿನ ಒಂದು ವರ್ಷದಲ್ಲಿ ಎಷ್ಟು ಹಸುವಿಗೆ ಕೆಚ್ಚಲು ಬಾವು ಬಂತು, ಎಷ್ಟಕ್ಕೆ ಕರು ಹಾಕಿದ 24 ಗಂಟೆಯಾದರೂ ಮಾಸು ಬೀಳಲಿಲ್ಲ, ಎಷ್ಟು ಸಲ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಿದ ಮೇಲೆ ಗಬ್ಬ ನಿಂತಿತು, ಬರೆದಿಡಿ. ಬರೆದಿಲ್ಲವಾದರೆ ಇವತ್ತಿನಿಂದ ಶುರು ಮಾಡಿ.

ಮೂರನೆಯದು ನನಗೆ ಇಷ್ಟವಾದದ್ದು. ಬೆಣ್ಣೆಯ ಬಣ್ಣ. ಹಸು ಹಸಿರು ತಿಂದರೆ ಕ್ಯಾರೋಟಿನ್ ಹಾಲಿನ ಜಿಡ್ಡಿಗೆ ಬರುತ್ತದೆ, ಬೆಣ್ಣೆ ಹಳದಿಯಾಗಿರುತ್ತದೆ. ಒಣಹುಲ್ಲಿನ ಕಾಲದಲ್ಲಿ ಅದೇ ಹಸುವಿನ ಬೆಣ್ಣೆ ಬಿಳಿಚಿಕೊಳ್ಳುತ್ತದೆ. ಮಳೆಗಾಲದ ತುಪ್ಪ ಮತ್ತು ಏಪ್ರಿಲ್ ತುಪ್ಪ ಎರಡನ್ನೂ ಗಾಜಿನ ಬಾಟಲಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ, ಯಾರೂ ಹೇಳಿಕೊಡಬೇಕಾಗಿಲ್ಲ. ಎಮ್ಮೆಗೆ ಈ ಅಳತೆ ನಡೆಯುವುದಿಲ್ಲ. ಎಮ್ಮೆ ಕ್ಯಾರೋಟಿನ್ ಅನ್ನೆಲ್ಲ ವಿಟಮಿನ್ ಎ ಮಾಡಿಕೊಂಡುಬಿಡುತ್ತದೆ, ಅದರ ಬೆಣ್ಣೆ ಯಾವಾಗಲೂ ಬಿಳಿ.

ಹಂತ 2: ತೂತು ಮುಚ್ಚಿ

ತೌಡಿನಿಂದ ಶುರು ಮಾಡೋಣ. ಎಣ್ಣೆ ತೆಗೆಯದ ಅಕ್ಕಿ ತೌಡಿನಲ್ಲಿ ನೂರಕ್ಕೆ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಗಿರಣಿಯಲ್ಲಿ ತೌಡು ಬೇರೆಯಾದ ಕೂಡಲೇ ಅದರೊಳಗಿನ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಸೆಕೆಗೆ ಕೆಲವೇ ದಿನಗಳಲ್ಲಿ ಕಮಟು. ಕಮಟು ಎಣ್ಣೆ ಮೇವಿನಲ್ಲಿರುವ ವಿಟಮಿನ್ ಇಯನ್ನು ತಾನೇ ನುಂಗಿಹಾಕುತ್ತದೆ. ಆದ್ದರಿಂದ ಹಸಿ ತೌಡು ತಂದರೆ ಒಂದು ವಾರಕ್ಕೆ ಸಾಕಾಗುವಷ್ಟೇ ತನ್ನಿ. ಕಡಿಮೆಗೆ ಸಿಕ್ಕಿತು ಅಂತ ಐದು ಚೀಲ ಹೊತ್ತು ತರಬೇಡಿ. ಎಣ್ಣೆ ತೆಗೆದ ತೌಡಿಗೆ ಈ ತಾಪತ್ರಯ ಕಡಿಮೆ.

ಆಮೇಲೆ ಬೂಷ್ಟು. ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ, ಹತ್ತಿಕಾಳು ಹಿಂಡಿ, ಇವು ತೇವ ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಪಿತ್ತಜನಕಾಂಗವನ್ನು ಹಾಳು ಮಾಡುವುದಲ್ಲದೆ ರೂಪ ಬದಲಿಸಿ ಹಾಲಿಗೂ ಬರುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡವಿ "ಈಗ ಸರಿ" ಅನ್ನುವವರಿದ್ದಾರೆ. ಸರಿಯಾಗುವುದಿಲ್ಲ. ಬೂಷ್ಟು ಉದುರುತ್ತದೆ, ವಿಷ ಉಳಿಯುತ್ತದೆ. ಯಾವ ಸೊಪ್ಪಿನ ಪುಡಿಯೂ ಅದನ್ನು ತೆಗೆಯುವುದಿಲ್ಲ. ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಅಡಿ ಈಚೆ, ಹಲಗೆಯ ಮೇಲೆ ಇಡಿ.

ಖನಿಜ ಮಿಶ್ರಣ ತಪ್ಪಿಸಬೇಡಿ. ಕಿಣ್ವಗಳಿಗೆ ಬೇಕಾದ ತಾಮ್ರ, ಸತು ಅದರಲ್ಲಿವೆ. ಆದರೆ ಕುರಿ ಇದ್ದವರು ಒಂದು ಮಾತು ನೆನಪಿಡಿ: ಹಸುವಿನ ಖನಿಜ ಮಿಶ್ರಣ ಕುರಿಗೆ ಹಾಕಬಾರದು. ಕುರಿಯ ಪಿತ್ತಜನಕಾಂಗದಲ್ಲಿ ತಾಮ್ರ ತಿಂಗಳುಗಟ್ಟಲೆ ಸದ್ದಿಲ್ಲದೆ ಸೇರುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಇಳಿಯುತ್ತದೆ. ಕುರಿ ಉಳಿಯುವುದು ಕಷ್ಟ. ಸೆಲೆನಿಯಂ ಕೂಡ ಅಷ್ಟೇ, ಬೇಕಾದ ಅಳತೆಗೂ ವಿಷದ ಅಳತೆಗೂ ಅಂತರ ಕಡಿಮೆ. ಎರಡು ಕಂಪನಿಯ ಡಬ್ಬಿ ಒಟ್ಟಿಗೆ ಹಾಕಬೇಡಿ.

ಹಂತ 3: ಹಸಿರಿನ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಉಳಿಯುವುದು ಇಲ್ಲೇ.

400 ಕೆಜಿ ತೂಕದ ಸೀಮೆ ಹಸು ಇದೆ ಅಂದುಕೊಳ್ಳಿ. ಹಾಲು ಕೊಡುವಾಗ ಅದಕ್ಕೆ ಒಂದು ಕೆಜಿ ಮೈತೂಕಕ್ಕೆ 0.8 ಯೂನಿಟ್‌ನಂತೆ ದಿನಕ್ಕೆ 320 ಯೂನಿಟ್ ವಿಟಮಿನ್ ಇ ಬೇಕು. ಹಾಲು ಬತ್ತಿಸಿದ ತುಂಬುಗಬ್ಬದ ಹಸುವಿಗೆ ಇದರ ಎರಡು ಪಟ್ಟು, ಅಂದರೆ 640. ಕರು ಹಾಕುವ ಹೊತ್ತಿನ ಹಸುವಿಗೇ ಜಾಸ್ತಿ ಬೇಕು. ನಾವು ಮಾಡುವುದು ಉಲ್ಟಾ. "ಈಗ ಹಾಲಿಲ್ಲವಲ್ಲ" ಅಂತ ಅದಕ್ಕೇ ಬರೀ ರಾಗಿ ಹುಲ್ಲು ಹಾಕುತ್ತೇವೆ.

ಎಳೆಯ ಹಸಿ ಹುಲ್ಲಿನಲ್ಲಿ ಒಣತೂಕದ ಒಂದು ಕೆಜಿಗೆ ಸುಮಾರು 80ರಿಂದ 200 ಯೂನಿಟ್ ವಿಟಮಿನ್ ಇ ಇರುತ್ತದೆ. ಹಸಿ ಹುಲ್ಲಿನಲ್ಲಿ ನೂರಕ್ಕೆ 80 ಪಾಲು ನೀರೇ. ಹಾಗಾಗಿ 20 ಕೆಜಿ ಹಸಿ ಹುಲ್ಲು ಹಾಕಿದರೆ ಒಣತೂಕ 4 ಕೆಜಿ, ವಿಟಮಿನ್ ಇ 320ರಿಂದ 800 ಯೂನಿಟ್. ಲೆಕ್ಕ ಸರಿಹೋಯಿತಲ್ಲ! ಹುಲ್ಲು ಬಲಿತು ಕಾಂಡ ಗಟ್ಟಿಯಾದಷ್ಟೂ ಇದು ಇಳಿಯುತ್ತದೆ. ಕೊಯ್ದು ಬಿಸಿಲಲ್ಲಿ ಒಣಗಿಸಿದರೆ ಇನ್ನೂ ಇಳಿಯುತ್ತದೆ. ರಾಗಿ ಹುಲ್ಲು, ಭತ್ತದ ಹುಲ್ಲು, ಜೋಳದ ಸೊಪ್ಪೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಎಂದಮೇಲೆ ವರ್ಷವಿಡೀ 20 ಕೆಜಿ ಎಳೆ ಹಸಿರು ಹಾಕುವವರಿಗೆ ಈ ಲೇಖನದ ಉಳಿದರ್ಧ ಬೇಕಾಗುವುದು ಕಡಿಮೆ. ಫೆಬ್ರವರಿಯಿಂದ ಮೇ ತನಕ ಹಸಿರು ಬತ್ತುವವರಿಗೆ, ತುಂಬುಗಬ್ಬದ ಹಸು ಇರುವವರಿಗೆ ಬೇಕು. ಹಸಿರೇ ಇಲ್ಲದಿದ್ದರೆ ಸುಮ್ನೆ ಸೊಪ್ಪಿನ ಪುಡಿ ನಂಬಿ ಕೂರಬೇಡಿ. ಕರು ಹಾಕುವ ಮೂರು ವಾರ ಮೊದಲು ವಿಟಮಿನ್ ಇ–ಸೆಲೆನಿಯಂ ಇಂಜೆಕ್ಷನ್ ಬೇಕಾ ಅಂತ ಪಶುವೈದ್ಯರನ್ನು ಕೇಳಿ.

ಹಂತ 4: ಸೊಪ್ಪು ಆರಿಸಿ

ನಿಮ್ಮ ಹೊಲದ ಬದುವಿನಲ್ಲಿ ಏನಿದೆಯೋ ಅದೇ ಮೊದಲ ಆಯ್ಕೆ.

ನುಗ್ಗೆ. ನನ್ನ ಓಟು ಇದಕ್ಕೇ. ಎಲೆಯ ಒಣತೂಕದಲ್ಲಿ ನೂರಕ್ಕೆ ಸುಮಾರು 25 ಪ್ರೋಟೀನು, ಜೊತೆಗೆ ಕ್ಯಾರೋಟಿನ್, ವಿಟಮಿನ್ ಇ, ಕ್ವೆರ್ಸೆಟಿನ್ ಎಂಬ ಪಾಲಿಫೀನಾಲ್. ಒಗರು ಕಡಿಮೆ, ಹಸು ಇಷ್ಟಪಟ್ಟು ತಿನ್ನುತ್ತದೆ. ನಿಕರಾಗುವಾ ದೇಶದ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಒಣಹುಲ್ಲು ಮಾತ್ರ ತಿನ್ನುತ್ತಿದ್ದ ಅಲ್ಲಿನ ನಾಟಿ ಹಸುಗಳಿಗೆ ದಿನಕ್ಕೆ ಒಣತೂಕದ 2 ಕೆಜಿ ನುಗ್ಗೆ ಕೊಟ್ಟಾಗ ಹಾಲು 3.1 ಕೆಜಿಯಿಂದ 4.9ಕ್ಕೆ ಏರಿತ್ತು. ಇದನ್ನು ತೋರಿಸಿ "ಆಂಟಿಆಕ್ಸಿಡೆಂಟ್ ಮಹಿಮೆ" ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಸಿದ ಹಸುವಿಗೆ ಪ್ರೋಟೀನು ಸಿಕ್ಕಿತು, ಹಾಲು ಕೊಟ್ಟಿತು. ಮೊದಲೇ ಹಿಂಡಿ–ಬೂಸಾ ತಿನ್ನುವ ನಿಮ್ಮ ಹಸುವಿನಲ್ಲಿ ಅಷ್ಟು ಏರಿಕೆ ಎದುರು ನೋಡಬೇಡಿ.

ಹಿಪ್ಪುನೇರಳೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ತಿಂದುಳಿದ ಎಲೆ, ಕಡ್ಡಿ ಹಸುವಿನ ಗೋದಲಿಗೇ ಬರುವುದು. ಒಳ್ಳೆಯ ಮೇವು. ಪ್ರೋಟೀನೂ ಇದೆ, ರುಟಿನ್, ಕ್ವೆರ್ಸೆಟಿನ್‌ನಂಥ ಆಂಟಿಆಕ್ಸಿಡೆಂಟ್‌ಗಳೂ ಇವೆ. ಆದರೆ ಹುಳು ಹಾಸಿಗೆಗೆ ಸುಣ್ಣ, ವಿಜೇತದಂಥ ಸೋಂಕುನಿವಾರಕ ಪುಡಿ ಎರಚಿರುತ್ತೀರಿ. ಆ ಹಾಸಿಗೆಯ ಉಳಿಕೆ ಗೊಬ್ಬರದ ಗುಂಡಿಗೆ ಹೋಗಲಿ, ಗೋದಲಿಗೆ ಬೇಡ. ತೋಟದಲ್ಲಿ ಉಳಿದ ಎಲೆಯನ್ನು ನೇರವಾಗಿ ಕೊಯ್ದು ಹಾಕಿ. ಔಷಧಿ ಹೊಡೆದ ತೋಟವಾದರೆ ಒಂದೇ ನಿಯಮ: ಇವತ್ತು ಹುಳುವಿಗೆ ಹಾಕಲು ಹೆದರುವ ಎಲೆಯನ್ನು ಹಸುವಿಗೂ ಹಾಕಬೇಡಿ.

ಅರಿಶಿನ. ಗಡ್ಡೆಯಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಅಂಶ ಇರುವುದು ನೂರಕ್ಕೆ 2ರಿಂದ 5ರಷ್ಟು, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೇಸಿಗೆಯಲ್ಲಿ ದಿನಕ್ಕೆ 20–30 ಗ್ರಾಂ ಹಾಕಿದರೆ ತೊಂದರೆಯಿಲ್ಲ, ಪವಾಡವೂ ಇಲ್ಲ. ಅಂಗಡಿ ಪುಡಿಯಲ್ಲಿ ಬಣ್ಣ ಬೆರೆಸುವುದುಂಟು, ಸೀಸದ ಬಣ್ಣವೂ ಇರಬಹುದು. ಚಾಮರಾಜನಗರದ ಕಡೆಯವರಿಗೆ ಕೊಂಬು ಮನೆಯಲ್ಲೇ ಇರುತ್ತದೆ, ಉಳಿದವರು ಕೊಂಬು ಕೊಂಡು ಗಿರಣಿಯಲ್ಲಿ ಬೀಸಿಸಿ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚುವ ಕ್ರಮ ಇದೆಯಲ್ಲ, ಅದು ಹೊರಗೆ ಹಚ್ಚುವ ಔಷಧಿ. ಅದೂ ಇದೂ ಒಂದೇ ಅಲ್ಲ.

ಹುಣಸೆ ಬೀಜದ ಸಿಪ್ಪೆ. ಇದು ಒಗರಿನ ಗುಂಪು, ಅಂದರೆ ಟ್ಯಾನಿನ್. ಟ್ಯಾನಿನ್ ಅಳತೆಯಲ್ಲಿದ್ದರೆ ಹಿಂಡಿಯ ಪ್ರೋಟೀನನ್ನು ದೊಡ್ಡ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಮುಂದಿನ ಹುಳಿ ಹೊಟ್ಟೆಯಲ್ಲಿ ಬಿಡುತ್ತದೆ. ಪ್ರೋಟೀನು ಪೋಲಾಗುವುದು ತಪ್ಪುತ್ತದೆ, ಮೀಥೇನ್ ಅನಿಲವೂ ತಗ್ಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅವರ ಹರಿತ್ ಧಾರಾ ಎಂಬ ಪೂರಕ ಆಹಾರ ಟ್ಯಾನಿನ್ ಇರುವ ಗಿಡಗಳಿಂದಲೇ ಮಾಡಿದ್ದು, ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ಇಳಿಸುತ್ತದೆ ಎಂದು ಹೇಳಿದ್ದಾರೆ. ಮನೆಯಲ್ಲಿ ಮಾಡುವವರು ಹಿಂಡಿ ಮಿಶ್ರಣದ ನೂರು ಪಾಲಿನಲ್ಲಿ 3ರಿಂದ 5 ಪಾಲು ಸಿಪ್ಪೆ ದಾಟಬೇಡಿ. ಒಟ್ಟು ಮೇವಿನ ಒಣತೂಕದಲ್ಲಿ ಟ್ಯಾನಿನ್ ನೂರಕ್ಕೆ 5 ಮೀರಿದರೆ ಮೇವೇ ಸೇರುವುದಿಲ್ಲ, ಜೀರ್ಣವೂ ಕೆಡುತ್ತದೆ. ಆಡಿಗೆ ಒಗರು ತಡೆಯುವ ಶಕ್ತಿ ಜಾಸ್ತಿ, ಹಸುವಿಗೆ ಕಡಿಮೆ.

ದ್ರಾಕ್ಷಿ ಹಿಂಡಿದ ಸಿಪ್ಪೆ–ಬೀಜ ವಿಜಯಪುರದ ಕಡೆ ಸಿಗಬಹುದು, ದಾಳಿಂಬೆ ಸಿಪ್ಪೆ ಜ್ಯೂಸ್ ಘಟಕಗಳಲ್ಲಿ ಸಿಗುತ್ತದೆ. ಎರಡೂ ಒಗರೇ, ಮೇಲಿನ ಎಚ್ಚರಿಕೆಯೇ. ದ್ರಾಕ್ಷಿಗೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದರಲ್ಲಿ ತಾಮ್ರ ಇದೆ. ಕುರಿಗೆ ಖಂಡಿತ ಬೇಡ.

ಹಂತ 5: ನೆರಳಲ್ಲಿ ಒಣಗಿಸಿ, ಕತ್ತಲಲ್ಲಿ ಇಡಿ

ಹಸಿಯಾಗಿ ಹಾಕಲು ಸಾಧ್ಯವಿದ್ದರೆ ಹಸಿಯಾಗಿಯೇ ಹಾಕಿ. ಬೇಸಿಗೆಗೆ ಉಳಿಸಿಡಬೇಕಾದರೆ ಮಾತ್ರ ಒಣಗಿಸಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನುಗ್ಗೆ ಕೊಯ್ಯಿರಿ. ಗರಿಗಳನ್ನು ಹಿಡಿ ಹಿಡಿಯಾಗಿ ಕಟ್ಟಿ ಕೊಟ್ಟಿಗೆಯ ಅಟ್ಟದಲ್ಲೋ ಗಾಳಿಯಾಡುವ ಜಗಲಿಯಲ್ಲೋ ತಲೆಕೆಳಗಾಗಿ ತೂಗುಹಾಕಿ. ಬಿಸಿಲಿಗೆ ಬೇಡ, ಬಿಸಿಲು ಕ್ಯಾರೋಟಿನನ್ನು ತಿಂದುಬಿಡುತ್ತದೆ. ಎರಡು–ಮೂರು ದಿನದಲ್ಲಿ ಎಲೆ ಗರಗರ ಆಗುತ್ತದೆ. ಹಳೆಯ ಪಂಚೆ ಹಾಸಿ ಅದರ ಮೇಲೆ ಗೊಂಚಲನ್ನು ಬಡಿದರೆ ಎಲೆ ತಾನೇ ಉದುರುತ್ತದೆ, ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಐದು ಕೆಜಿ ಹಸಿ ಎಲೆಗೆ ಒಂದು ಕೆಜಿ ಆಸುಪಾಸು ಒಣಎಲೆ ಸಿಗುತ್ತದೆ. ಎಲೆ ಹಸಿರಾಗಿಯೇ ಇರಬೇಕು. ಕಂದು ಬಣ್ಣಕ್ಕೆ ತಿರುಗಿದರೆ ನಿಧಾನವಾಗಿ ಒಣಗಿತು, ಒಳಗೆ ಬಿಸಿಯಾಯಿತು ಅಂತ ಅರ್ಥ. ಮುಂದಿನ ಸಲ ಗೊಂಚಲು ಸಣ್ಣದು ಮಾಡಿ.

ಒಣಗಿದೆಯಾ ನೋಡಲು ಉಪ್ಪಿನ ಪರೀಕ್ಷೆ ಇದೆ. ಹೆಂಚಿನ ಮೇಲೆ ಬೆಚ್ಚಗೆ ಮಾಡಿ ಆರಿಸಿದ ಪುಡಿ ಉಪ್ಪು ಎರಡು ಚಮಚ ತಗೊಳ್ಳಿ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಎಲೆ ತುಂಬಿ, ಉಪ್ಪು ಹಾಕಿ, ಮುಚ್ಚಳ ಬಿಗಿದು ಮೂರು ನಿಮಿಷ ಅಲ್ಲಾಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಉದುರುದುರಾಗಿ ತಳ ಸೇರಿದರೆ ಸರಿ. ಗಾಜಿಗೆ ಅಂಟಿದರೆ, ಉಂಡೆ ಕಟ್ಟಿದರೆ ಇನ್ನೂ ತೇವ ಇದೆ. ಮತ್ತೊಂದು ದಿನ ಒಣಗಿಸಿ.

ಪೂರ್ತಿ ಪುಡಿ ಮಾಡಿಡಬೇಡಿ. ಪುಡಿಯಾದಷ್ಟೂ ಗಾಳಿ ಜಾಸ್ತಿ ತಾಗುತ್ತದೆ. ಎಲೆಯಾಗಿಯೇ ಒತ್ತಿ ತುಂಬಿ, ದಪ್ಪ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿ, ಅದನ್ನು ಡ್ರಮ್ಮಿನೊಳಗೆ ಕತ್ತಲಲ್ಲಿ ಇಡಿ. ಮೇಲೆ ತಾರೀಖು ಬರೆಯಿರಿ. ಮೂರು ತಿಂಗಳೊಳಗೆ ಮುಗಿಸಿ.

ಹಂತ 6: ಎಷ್ಟು, ಯಾವಾಗ

ಹೊಸ ಸೊಪ್ಪನ್ನು ಒಂದೇ ದಿನ ಸುರಿಯಬೇಡಿ. ದೊಡ್ಡ ಹೊಟ್ಟೆಯ ಜೀವಿಗಳಿಗೆ ಹೊಂದಿಕೊಳ್ಳಲು ಹತ್ತು–ಹದಿನೈದು ದಿನ ಬೇಕು. ಹಸಿ ನುಗ್ಗೆಯಾದರೆ ಮೊದಲ ಮೂರು ದಿನ ಒಂದು ಕೆಜಿ, ಆಮೇಲೆ ಮೂರು ದಿನಕ್ಕೊಮ್ಮೆ ಒಂದೊಂದು ಕೆಜಿ ಏರಿಸುತ್ತಾ 4–5 ಕೆಜಿಗೆ ನಿಲ್ಲಿಸಿ. ಒಣಎಲೆಯಾದರೆ 100 ಗ್ರಾಂನಿಂದ ಶುರು ಮಾಡಿ ಅರ್ಧ ಕೆಜಿವರೆಗೆ. ಹಿಪ್ಪುನೇರಳೆ 5–8 ಕೆಜಿ ಹಸಿಯಾಗಿ ನಡೆಯುತ್ತದೆ. ಮೂವತ್ತು ಕೆಜಿಯ ಕುರಿಗೆ ಹಸಿ ನುಗ್ಗೆ 300–400 ಗ್ರಾಂ ಸಾಕು. ಆರು ತಿಂಗಳ ಒಳಗಿನ ಕರುವಿಗೆ ಒಗರಿನ ಪದಾರ್ಥ ಏನೂ ಬೇಡ.

ಹಿಂಡಿ ಕಲಸುವ ಬಕೆಟ್ಟಿಗೇ ಒಣಎಲೆ ಹಾಕಿ ಕೈಯಲ್ಲೇ ಹಿಸುಕಿ, ಅವತ್ತಿನದನ್ನು ಅವತ್ತೇ ಕಲಸಿ. ಬಿಸಿ ನೀರು ಬೇಡ.

ಹಾಲು ಕರೆಯುವ ಮುಂಚೆ ನುಗ್ಗೆ ಹಾಕಿದರೆ ಹಾಲಿಗೆ ಹಸಿ ಹುಲ್ಲಿನ ವಾಸನೆ ಬರುತ್ತದೆ. ಡೈರಿಯಲ್ಲಿ ಮೂಗು ಮುರಿಯುತ್ತಾರೆ. ಕರೆದ ಮೇಲೆ ಹಾಕಿ.

ಎಲ್ಲ ಹಸುವಿಗೂ ಸಮನಾಗಿ ಹಂಚುವುದಕ್ಕಿಂತ ಸೊಪ್ಪು ಕಡಿಮೆ ಇದ್ದಾಗ ತುಂಬುಗಬ್ಬದ ಹಸುವಿಗೆ, ಆಮೇಲೆ ಈಚೆಗೆ ಕರು ಹಾಕಿದ್ದಕ್ಕೆ, ಉಳಿದರೆ ಬೇರೆಯದಕ್ಕೆ. ನಮ್ಮ ಮನೆಯಲ್ಲಿ ಇದಕ್ಕೆ ಜಗಳವೇ ಆಗುತ್ತದೆ. ಅಮ್ಮನಿಗೆ ಜಾಸ್ತಿ ಹಾಲು ಕೊಡುವ ಹಸುವೇ ಮುದ್ದು.

ಈರುಳ್ಳಿಯ ಕಥೆ

ಇದನ್ನು ಹಂತ ಅಂತ ಕರೆಯಲಾರೆ, ಆದರೆ ಬಿಟ್ಟರೆ ಬರೆದದ್ದಕ್ಕೆ ಅರ್ಥವಿಲ್ಲ. ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಬೇಕಾದಷ್ಟಿದೆ. ಮನುಷ್ಯರಿಗೆ ಒಳ್ಳೆಯ ಆಂಟಿಆಕ್ಸಿಡೆಂಟ್ ಅಂತ ಎಲ್ಲರೂ ಬರೆಯುತ್ತಾರೆ. ಹಸುವಿಗೆ ಅದು ತದ್ವಿರುದ್ಧ. ಅದರೊಳಗಿನ ಗಂಧಕದ ಸಂಯುಕ್ತಗಳು ರೂಮೆನ್‌ನಲ್ಲಿ ಬದಲಾಗಿ ಕೆಂಪು ರಕ್ತಕಣಗಳನ್ನೇ ಆಕ್ಸಿಡೈಸ್ ಮಾಡಿ ಒಡೆಯುತ್ತವೆ.

ಒಂದು ವರ್ಷ ಬೆಲೆ ಬಿದ್ದಾಗ ಮಂಡಿಯಲ್ಲಿ ಸುಮ್ನೆ ಬಿಸಾಡುತ್ತಿದ್ದ ಈರುಳ್ಳಿಯನ್ನು ನಾನೂ ಎರಡು ಚೀಲ ತಂದೆ. ಹಸು ಆಸೆಯಿಂದ ತಿಂದಿತು. ನಾಲ್ಕನೇ ದಿನ ಬೆಳಿಗ್ಗೆ ಗಂಜಲ ಕಾಫಿ ಡಿಕಾಕ್ಷನ್ ಬಣ್ಣ. ಉಣ್ಣೆ ಹುಳು ಕಚ್ಚಿ ಬರುವ ಕೆಂಪು ಗಂಜಲದ ಜ್ವರವೇ ಅಂದುಕೊಂಡೆ. ಮೈ ಮುಟ್ಟಿದರೆ ಜ್ವರವಿಲ್ಲ. ಕಣ್ಣಿನ ಒಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಹಾಗೆ ಬಿಳಿ. ಡಾಕ್ಟರು ಬಂದವರು ಹಸುವಿನ ಬಾಯಿ ಮೂಸಿ, "ಈರುಳ್ಳಿ ಎಷ್ಟು ಹಾಕಿದ್ರಿ?" ಅಂದರು. ಹಸು ಉಳಿಯಿತು. ಹಾಲು ಮೊದಲಿನ ಮಟ್ಟಕ್ಕೆ ಬರಲಿಲ್ಲ.

ಕುರಿ ಇದನ್ನು ಹಸುವಿಗಿಂತ ಚೆನ್ನಾಗಿ ತಡೆಯುತ್ತದೆ. ಹಸುವಿಗೆ ಒಟ್ಟು ಮೇವಿನ ಒಣತೂಕದಲ್ಲಿ ಈರುಳ್ಳಿ ನೂರಕ್ಕೆ 25 ದಾಟಬಾರದು ಎಂಬ ಲೆಕ್ಕವಿದೆ. ನಾನಂತೂ ಒಂದು ಗಡ್ಡೆಯನ್ನೂ ಹಾಕುವುದಿಲ್ಲ. ಲಂಟಾನದ ಎಲೆಯಲ್ಲೂ ಪಾಲಿಫೀನಾಲ್ ಇದೆ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುವ ಹಸು ನೋಡಿದವರು ಆ ಮಾತು ಆಡುವುದಿಲ್ಲ.

ಹಂತ 7: ಕೆಲಸ ಮಾಡುತ್ತಿದೆಯಾ, ನೀವೇ ಪರೀಕ್ಷಿಸಿ

ಕರು ಹಾಕಿ ಆರು–ಎಂಟು ವಾರಕ್ಕೆ ಹಾಲು ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಏರುವ ಹೊತ್ತಿನಲ್ಲಿ ಪುಡಿ ಹಾಕಿದರೆ ಪುಡಿಗೆ ಹೆಸರು, ಇಳಿಯುವ ಹೊತ್ತಿನಲ್ಲಿ ಹಾಕಿದರೆ ಪುಡಿಗೆ ಬೈಗುಳ. ಎರಡೂ ತಪ್ಪು.

ನಾಲ್ಕು ಹಸು ಇದ್ದರೆ ಎರಡು ಜೋಡಿ ಮಾಡಿ. ಜೋಡಿಯ ಎರಡೂ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಕರು ಹಾಕಿದವಾಗಿರಲಿ. ಎರಡು ವಾರ ಎಲ್ಲಕ್ಕೂ ಒಂದೇ ಮೇವು ಹಾಕಿ, ಹಾಲನ್ನು ತೂಗುತಕ್ಕಡಿಯಲ್ಲಿ ತೂಗಿ ಬರೆಯಿರಿ. ಮುಂದಿನ ನಾಲ್ಕು ವಾರ ಪ್ರತಿ ಜೋಡಿಯಲ್ಲಿ ಒಂದಕ್ಕೆ ಮಾತ್ರ ಸೊಪ್ಪು. ಆಮೇಲೆ ಅದಲುಬದಲು ಮಾಡಿ ಇನ್ನು ನಾಲ್ಕು ವಾರ. ಎರಡು ಸಲವೂ ಸೊಪ್ಪು ತಿಂದ ಹಸುವೇ ಮೇಲಿದ್ದರೆ ಮಾತ್ರ ನಂಬಿ. ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬಂದರೆ ಅದು ಹಸುವಿನ ಗುಣ, ಸೊಪ್ಪಿನದಲ್ಲ.

ಹಾಲಿನ ಲೀಟರಿಗಿಂತ ಬೇರೆ ಗುರುತುಗಳನ್ನು ಜಾಸ್ತಿ ನೋಡಿ. ಮಧ್ಯಾಹ್ನದ ಉಸಿರು. ಬೆಣ್ಣೆಯ ಬಣ್ಣ. ಹದಿನೈದು ದಿನಕ್ಕೊಮ್ಮೆ ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಕೆಚ್ಚಲು ಬಾವು ಪತ್ತೆ ಮಾಡುವ ಸಿಎಂಟಿ ಪರೀಕ್ಷೆ: ಒಂದೊಂದು ಮೊಲೆಯ ಹಾಲಿಗೆ ಅಷ್ಟೇ ಸಿಎಂಟಿ ದ್ರಾವಣ ಹಾಕಿ ತಿರುಗಿಸಿದಾಗ ನೀರಾಗಿಯೇ ಇದ್ದರೆ ಒಳ್ಳೆಯದು, ಗಂಜಿಯಂತೆ ಲೋಳೆಯಾದರೆ ಒಳಗೆ ಬಾವು ಶುರುವಾಗಿದೆ. ಮಾಸು, ಗಬ್ಬದ ವಿಷಯದಲ್ಲಿ ಫಲ ತಿಳಿಯಲು ಒಂದು ವರ್ಷದ ಪುಸ್ತಕ ಬೇಕು. ಎರಡು ಹಸುವನ್ನು ಒಂದು ತಿಂಗಳು ನೋಡಿ ತೀರ್ಪು ಕೊಡಬೇಡಿ.

ಸೆಗಣಿ ತೆಳ್ಳಗಾದರೆ, ಹಿಂಡಿ ಬಿಟ್ಟರೆ, ಗಂಜಲದ ಬಣ್ಣ ಬದಲಾದರೆ ಸೊಪ್ಪು ಅವತ್ತೇ ನಿಲ್ಲಿಸಿ, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಡಬ್ಬಿ ಕೊಳ್ಳಲೇಬೇಕಾದರೆ

ಮೇವಿನಲ್ಲಿ ಹಿಂದೆ ಎಥಾಕ್ಸಿಕ್ವಿನ್‌ನಂಥ ಕೃತಕ ಆಂಟಿಆಕ್ಸಿಡೆಂಟ್ ಧಾರಾಳವಾಗಿ ಹಾಕುತ್ತಿದ್ದರು. ಯುರೋಪ್ ಒಕ್ಕೂಟ 2017ರಲ್ಲಿ ಅದರ ಅನುಮತಿ ತಡೆಹಿಡಿಯಿತು. ಅದರ ಹಿಂದೆಯೇ ಗಿಡಮೂಲದ ಡಬ್ಬಿಗಳ ಮಾರುಕಟ್ಟೆ ಬೆಳೆಯುತ್ತಿದೆ. ಒಳ್ಳೆಯವೂ ಇವೆ, ಬರೀ ಬೂಸಾ–ಬಣ್ಣವೂ ಇವೆ. ಮಾರುವವರನ್ನು ಮೂರು ಪ್ರಶ್ನೆ ಕೇಳಿ. ಯಾವ ಗಿಡ, ಅದರಲ್ಲಿ ಯಾವ ಅಂಶ, ನೂರಕ್ಕೆ ಎಷ್ಟು? ಪ್ರಯೋಗ ನಡೆದದ್ದು ಹಸುವಿನ ಮೇಲಾ, ಕೋಳಿಯ ಮೇಲಾ? ರೂಮೆನ್ ದಾಟಲು ಕೊಬ್ಬಿನ ಲೇಪನದಂಥ ಏನಾದರೂ ಮಾಡಿದ್ದೀರಾ? ಮೂರಕ್ಕೂ "ಎಲ್ಲ ಇದೆ ಸಾರ್" ಅಂದರೆ ಡಬ್ಬಿ ಅವರ ಕೈಯಲ್ಲೇ ಇರಲಿ. "ಇದು ಹಾಕಿದರೆ ವಿಟಮಿನ್ ಇ, ಖನಿಜ ಮಿಶ್ರಣ ಬೇಡ" ಅನ್ನುವವರನ್ನಂತೂ ಕೂರಿಸಲೇಬೇಡಿ.

ಮುಂದಿನ ಬೇಸಿಗೆಗೆ ಈಗಲೇ

ನುಗ್ಗೆ ಮೇವಿಗಾಗಿ ಬೆಳೆಯುವುದು ಕಾಯಿಗೆ ಬೆಳೆದ ಹಾಗಲ್ಲ, ಒತ್ತಾಗಿ ಹಾಕಬೇಕು. ಪಿಕೆಎಂ-1 ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿಯ ಬೀಜ ತನ್ನಿ. ಒಂದು ರಾತ್ರಿ ನೆನೆಸಿ. ಸಾಲಿನಿಂದ ಸಾಲಿಗೆ ಒಂದು ಅಡಿ, ಬೀಜದಿಂದ ಬೀಜಕ್ಕೆ ನಾಲ್ಕು ಇಂಚು, ಒಂದು ಇಂಚು ಆಳ. ನೀರು ನಿಲ್ಲುವ ಜಾಗ ಬೇಡ, ಬೇರು ಕೊಳೆಯುತ್ತದೆ. ಮೊದಲ ಕೊಯ್ಲಿಗೆ ಮೂರು ತಿಂಗಳು ಬೇಕು. ನೆಲದಿಂದ ಒಂದೂಕಾಲು ಅಡಿ ಬಿಟ್ಟು ಕೊಯ್ದರೆ ಆಮೇಲೆ ಎರಡು ತಿಂಗಳಿಗೊಮ್ಮೆ ಚಿಗುರುತ್ತದೆ. ಚೆನ್ನಾಗಿ ಗೊಬ್ಬರ, ನೀರು ಸಿಕ್ಕರೆ ಹಸುವಿಗೊಂದು ಗುಂಟೆ ಅಂತ ನನ್ನ ಲೆಕ್ಕ. ಚಳಿಯಲ್ಲಿ ಗಿಡ ನಿಧಾನ, ಅದಕ್ಕೇ ದೀಪಾವಳಿ ಹೊತ್ತಿಗೆ ಬೀಜ ಊರಿಬಿಡಿ. ಶಿವರಾತ್ರಿಯ ಬಿಸಿಲು ಏರುವಾಗ ಮೊದಲ ಕುಡುಗೋಲು ಹಾಕಬಹುದು. ಮಳೆಗಾಲದಲ್ಲಿ ಕಂಬಳಿ ಹುಳು ಕಾಂಡಕ್ಕೆ ಗುಂಪಾಗಿ ಅಂಟಿಕೊಂಡಿರುತ್ತದೆ. ಕೊಯ್ಯುವ ಮುಂಚೆ ಬುಡ ಬಗ್ಗಿ ನೋಡಿ, ಬರಿಗೈ ಹಾಕಬೇಡಿ.